ಎಂಟನೆಯ ಹಾಡಿನಲ್ಲಿ ‘ಅಣ್ಣಾ’

ಮರಾಠಿ ನೆಲದಲ್ಲಿ ಡೊಂಬಿವಲಿಯಿಂದ ಕಲ್ಯಾಣದವರೆಗೆ ಚದುರಿಕೊಂಡಿರುವ ವಿಜಯಪುರ, ಕಲಬುರಗಿ ಕಡೆಯವರ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಎರಡು ಫೋನು ಹೋಗುತ್ತಿದ್ದವು. ಒಂದು ಅಂಬಾರಾಯನ ಭಜನಾ ಮಂಡಳಿಗೆ, ಇನ್ನೊಂದು ಠಾಕುರ್ಲಿಯ ದಾನಮ್ಮನಿಗೆ. ಮಂಡಳಿಯವರು ಹಾರ್ಮೋನಿಯಂ, ತಬಲಾ, ತಾಳಗಳನ್ನು ರಿಕ್ಷಾದಲ್ಲಿ ಹೇರಿಕೊಂಡು ಬರುತ್ತಿದ್ದರು. ದಾನಮ್ಮ ಬರಿಗೈಯಲ್ಲಿ ಬಂದು, ಚಪ್ಪಲಿ ಬಿಡುವ ಮೊದಲು ಬಾಗಿಲಲ್ಲಿದ್ದವರನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಳು: “ನಾ ಇವ್ರಿಗೆ ಏನನ್ನಬೇಕವ್ವಾ? ಕಾಕಾ ಅನ್ಲೊ, ಅಣ್ಣಾ ಅನ್ಲೊ?”

ಆ ಪ್ರಶ್ನೆಗೆ ಉತ್ತರ ಸಿಗದೆ ಆಕೆ ಒಳಗೆ ಹೋಗುತ್ತಿರಲಿಲ್ಲ. ಹಾಡ್ಯಾಡಿ ಅಳುವುದೆಂದರೆ ಸತ್ತವರನ್ನು ಸಂಬಂಧ ಹಿಡಿದು ಕರೆಯುವುದು. ಕರೆದು, ಅವರು ಮಾಡಿದ್ದು, ಉಂಡಿದ್ದು, ಕೊಟ್ಟಿದ್ದು, ಬೈದದ್ದು ಎಲ್ಲವನ್ನೂ ರಾಗವಾಗಿ ಎಣಿಸುವುದು. ಸಂಬಂಧದ ಶಬ್ದವೇ ಅದಕ್ಕೆ ಗೂಟ. ಗೂಟವಿಲ್ಲದೆ ಹಗ್ಗ ಎಲ್ಲಿ ಕಟ್ಟುವುದು? ಊರುಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಅವ್ವನ ಸೆರಗು ಹಿಡಿದು ಮಣ್ಣಿಗೆ, ಅಂದರೆ ಶವಸಂಸ್ಕಾರಕ್ಕೆ, ಹೋದ ಹುಡುಗಿಯರು ತಾವಾಗಿ ಕಲಿಯುತ್ತಾರೆ. ಆದರೆ ಠಾಕುರ್ಲಿಯ ಫ್ಲ್ಯಾಟುಗಳಲ್ಲಿ ಹುಟ್ಟಿದ ಹುಡುಗಿಯರು ಮಣ್ಣಿಗೆ ಹೋದವರಲ್ಲ. ಅವರು ಕರವಸ್ತ್ರ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು. ಒಮ್ಮೆ ಕೆಳಗಿನ ಮಹಡಿಯ ಮುದುಕರೊಬ್ಬರು ತೀರಿಕೊಂಡಾಗ, ಆ ಮನೆಯ ಮೌನ ತಡೆಯಲಾರದೆ, ಇಂಡಿ ತಾಲ್ಲೂಕಿನಿಂದ ಮದುವೆಯಾಗಿ ಬಂದ ದಾನಮ್ಮ ಮೂಲೆಯಿಂದ “ಕಾಕಾ” ಎಂದು ಎತ್ತಿಕೊಂಡಳು. ಮನೆಯ ಸೊಸೆಯಂದಿರು ಬೆಚ್ಚಿ ತಿರುಗಿ ನೋಡಿದರು. ಆಮೇಲೆ ಅವರಿಗೂ ದನಿ ಬಂತು. ಅಲ್ಲಿಂದ ಫೋನು ಶುರುವಾಯಿತು.

ಆಕೆಗೆ ಇದರಿಂದ ಸಿಗುತ್ತಿದ್ದುದು ಮಣ್ಣು ಮುಗಿದ ಮೇಲೆ ಒಂದು ಕಪ್ ಚಹಾ. ಅದನ್ನು ಕುಡಿಯುವಾಗ ಆಕೆಯ ಕಣ್ಣು ಆಗಲೇ ಒಣಗಿರುತ್ತಿತ್ತು. ಈ ಬಗ್ಗೆ ಯಾರಾದರೂ ಕೆಣಕಿದರೆ, “ಅಳೋದು ಅವರ ಸಲುವಾಗಿ, ಚಾ ನನ್ನ ಸಲುವಾಗಿ” ಎನ್ನುತ್ತಿದ್ದಳು.

ಆಕೆಯ ಗಂಡ ಅಮೃತಪ್ಪ ವಾಶಿಯ ಧಾನ್ಯ ಮಾರುಕಟ್ಟೆಯಲ್ಲಿ ಬೇಳೆಕಾಳಿನ ವ್ಯಾಪಾರಿಯೊಬ್ಬರ ಹತ್ತಿರ ಮೆಹ್ತಾ, ಅಂದರೆ ಲೆಕ್ಕ ಬರೆಯುವ ಗುಮಾಸ್ತ. ಮಾತು ಕಡಿಮೆ. ಮನೆಗೆ ಬಂದರೆ ಅಂಗಿಯ ತೋಳು ಕೊಡವುವುದು ಅಭ್ಯಾಸ. ತೊಗರಿಬೇಳೆಯ ಧೂಳು ಬಾಗಿಲಲ್ಲೇ ಉದುರಬೇಕು. ಅಂಬಾರಾಯನ ಮಂಡಳಿಯಲ್ಲಿ ತಾಳ ಹಾಕುತ್ತಿದ್ದವನೂ ಅವನೇ. ಹೀಗಾಗಿ ಎಷ್ಟೋ ಸಾವಿನ ಮನೆಗಳಿಗೆ ಗಂಡಹೆಂಡತಿ ಒಂದೇ ರಿಕ್ಷಾದಲ್ಲಿ ಹೋಗಿದ್ದರು: ಅವನು ಗಂಡಸರ ಸಾಲಿನಲ್ಲಿ, ಇವಳು ಹೆಂಗಸರ ನಡುವೆ.

ಎರಡು ವರ್ಷದ ಹಿಂದೆ ಆಷಾಢದಲ್ಲಿ ಅಮೃತಪ್ಪ ಎದೆ ಹಿಡಿದುಕೊಂಡು ಕುಳಿತವನು ಆಸ್ಪತ್ರೆಯ ಬಾಗಿಲು ಮುಟ್ಟುವಷ್ಟರಲ್ಲಿ ಹೋಗಿಬಿಟ್ಟ. ಪದ್ಧತಿಯಂತೆ ದೇಹವನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾಲ್‌ನ ಗೋಡೆಗೆ ಆನಿಸಿ ಕುಳ್ಳಿರಿಸಿದರು. ಮಂಡಳಿ ಬಂತು. ಹೆಂಗಸರು ಬಂದು ಸುತ್ತ ಕುಳಿತರು. ಎಲ್ಲರೂ ದಾನಮ್ಮನ ಬಾಯಿ ನೋಡುತ್ತಿದ್ದರು.

ದಾನಮ್ಮ ಬಾಯಿ ತೆರೆಯಲಿಲ್ಲ.

ಆಕೆ ಅವನ ಪಕ್ಕದಲ್ಲೇ ಕುಳಿತು ಸೀಲಿಂಗ್ ಫ್ಯಾನನ್ನು ನೋಡುತ್ತಿದ್ದಳು. ಊದಿನಕಡ್ಡಿಯ ಬೂದಿ ಹಾರಿ ಅವನ ಮೊಣಕಾಲ ಮೇಲೆ ಬೀಳುತ್ತಿತ್ತು. ಫ್ಯಾನು ಬಂದ್ ಮಾಡಿದರೆ ಬಂದವರಿಗೆ ಸೆಕೆ, ಮಾಡದಿದ್ದರೆ ಬೂದಿ. ಆ ಹೊತ್ತಿನಲ್ಲಿ ಆಕೆಯ ತಲೆಯಲ್ಲಿದ್ದದ್ದು ಇಷ್ಟೇ. ದುಃಖ ಬರುತ್ತದೆಂದು ಕಾದಳು. ಎಲ್ಲೋ ಪಕ್ಕದ ಬಿಲ್ಡಿಂಗಿನಲ್ಲಿ ಯಾರಿಗೋ ಆಗುತ್ತಿದ್ದಂತೆ ಅದು ದೂರವೇ ಉಳಿಯಿತು.

ಕಲ್ಯಾಣದಿಂದ ಗಿರಿಜವ್ವ ಬಂದಳು. ಅಮೃತಪ್ಪನ ತಂಗಿ, ದಾನಮ್ಮನನ್ನು ‘ವೈನಿ’ ಎಂದು ಕರೆಯುವ ನಾದಿನಿ. ಬಾಗಿಲಿಂದಲೇ “ಅಣ್ಣಾ” ಎಂದು ಎತ್ತಿಕೊಂಡು ಬಂದವಳು ನೇರವಾಗಿ ಅತ್ತಿಗೆಯ ಕೊರಳಿಗೆ ಬಿದ್ದಳು. ಸಾವಿನ ಮನೆಯಲ್ಲಿ ಹೀಗೆ ಕೊರಳಿಗೆ ಬಿದ್ದರೆ ಇಬ್ಬರೂ ಅಳಬೇಕು. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಹಾಡಬೇಕು. ಗಿರಿಜವ್ವ ಒಂದು ನುಡಿ ಅತ್ತು, ಉಸಿರಿಗೆ ನಿಂತು, ಕಾದಳು. ದಾನಮ್ಮನ ಕಡೆಯಿಂದ ಏನೂ ಬರಲಿಲ್ಲ. ಇನ್ನೊಂದು ನುಡಿ ಅತ್ತಳು, ಕಾದಳು. ಆಮೇಲೆ ಅತ್ತಿಗೆಯ ಕೊರಳು ಬಿಟ್ಟು, ಅಣ್ಣನ ಕಾಲ ಬಳಿ ಹೋಗಿ ಕುಳಿತು, ಕೊನೆಯವರೆಗೆ ಒಬ್ಬಳೇ ಅತ್ತಳು.

ಮಣ್ಣು ಕೊಟ್ಟು ಬಂದ ಮೇಲೆ ಚಹಾ ಮುಟ್ಟದೆ ಎದ್ದಳು. ಮೆಟ್ಟಿಲ ಮೇಲೆ ನಿಂತು, ಎಲ್ಲರಿಗೂ ಕೇಳುವಂತೆ ಅಂದದ್ದು ಹೀಗೆ: “ಊರ ಹೆಣಕ್ಕೆಲ್ಲಾ ಹಾಡ್ಯಾಡಿ ಅತ್ತಾಕಿ. ನಮ್ಮಣ್ಣಗ ಎರಡು ಮಾತು ಉಳದಿರಲಿಲ್ಲ ಅಕಿ ಕಡೆ.”

ಅಂದಿನಿಂದ ಗಿರಿಜವ್ವ ಆ ಮನೆಯ ನೀರು ಮುಟ್ಟಲಿಲ್ಲ. ದಾನಮ್ಮನಿಗೆ ಬರುತ್ತಿದ್ದ ಫೋನುಗಳೂ ನಿಂತವು. ಸ್ವಂತ ಗಂಡನಿಗೆ ಅಳದವಳನ್ನು ಯಾರು ತಮ್ಮ ಮನೆಗೆ ಕರೆದಾರು?

ಯಾಕೆ ಅಳು ಬರಲಿಲ್ಲ ಎಂದು ಆಕೆ ತನ್ನನ್ನೇ ಕೇಳಿಕೊಂಡದ್ದುಂಟು. ಸಿಕ್ಕ ಉತ್ತರ ತೀರ ಸಣ್ಣದು. ಆ ಮನುಷ್ಯನನ್ನು ಕರೆಯಲು ಆಕೆಯ ಬಳಿ ಶಬ್ದವಿರಲಿಲ್ಲ. ಹೆಸರು ಹೇಳುವಂತಿಲ್ಲ. ಬದುಕಿದ್ದಾಗ “ಏನ್ರಿ” ಎಂದೋ, “ಕೇಳಿದ್ರೇನು” ಎಂದೋ, ಬೇರೆಯವರ ಮುಂದೆ ಮಗನ ಹೆಸರು ಹಿಡಿದು “ಸ್ವಪ್ನಿಲನ ಪಪ್ಪಾ” ಎಂದೋ ಕರೆದದ್ದು. ಹೆಣದ ಮುಂದೆ ಕುಳಿತು “ಏನ್ರಿ” ಎಂದು ಹಾಡಲಾಗುತ್ತದೆಯೇ? ಕೆಲವು ಹೆಂಗಸರು “ನನ್ನ ರಾಜಾ” ಎಂದು ಅಳುತ್ತಾರೆ. ಎಷ್ಟೋ ವಿಧವೆಯರ ಕಿವಿಯಲ್ಲಿ ಆ ಶಬ್ದವನ್ನು ಉಸುರಿ ಅವರನ್ನು ಅಳಿಸಿದವಳು ದಾನಮ್ಮನೇ. ಆದರೆ ತೋಳು ಕೊಡವಿ ಒಳಗೆ ಬಂದು, ಮಜ್ಜಿಗೆ ಅನ್ನ ಉಂಡು, ಪೇಪರು ಮಡಿಚಿಟ್ಟು ಮಲಗುತ್ತಿದ್ದವನನ್ನು ರಾಜಾ ಎನ್ನಲು ಆಕೆಯ ನಾಲಿಗೆ ತಿರುಗಲಿಲ್ಲ. ಅವನು ಕೇಳಿದ್ದರೆ ನಕ್ಕುಬಿಡುತ್ತಿದ್ದ.

ಅಲ್ಲಿಂದ ಮುಂದೆ ದಾನಮ್ಮ ಎಲ್ಲವನ್ನೂ ಮಾಡಿದಳು. ಹಾಲು ತಂದಳು, ಸೊಸೈಟಿಯ ಮೀಟಿಂಗಿಗೆ ಹೋದಳು, ಶ್ರಾವಣದಲ್ಲಿ ಹೋಳಿಗೆ ಮಾಡಿದಳು. ಹೋಳಿಗೆಯ ರುಚಿ ಹೇಗಿತ್ತೆಂದು ಕೇಳಿದರೆ ನೆನಪಿಲ್ಲ. ಮೈಮೇಲೆ ಯಾರೋ ತೆಳ್ಳಗಿನ ಪ್ಲಾಸ್ಟಿಕ್ಕು ಹೊದಿಸಿದ್ದಾರೆ, ಅದರೊಳಗಿಂದಲೇ ಎಲ್ಲವನ್ನೂ ಮುಟ್ಟುತ್ತಿದ್ದೇನೆ ಅನ್ನಿಸುತ್ತಿತ್ತು. ನೋವೂ ಇರಲಿಲ್ಲ, ಆದ್ದರಿಂದ ಹೇಳಿಕೊಳ್ಳುವುದಕ್ಕೂ ಏನೂ ಇರಲಿಲ್ಲ.

ಅದೇ ಹೊತ್ತಿಗೆ ಒಳಕೋಣೆಯಲ್ಲಿ ಗಿಟಾರು ಶುರುವಾಗಿತ್ತು.

ಮಗ ಸ್ವಪ್ನಿಲ್ ಐರೋಲಿಯ ಒಂದು ವಿಮಾ ಕಚೇರಿಯಲ್ಲಿ ಫೋನಿನ ಮೇಲೆ ಗಿರಾಕಿಗಳಿಗೆ ಉತ್ತರ ಹೇಳುವ ಕೆಲಸದಲ್ಲಿದ್ದ. ಕಾಲೇಜಿನ ದಿನಗಳಲ್ಲಿ ಡೊಂಬಿವಲಿಯ ಹಿರಿಯ ಗೆಳೆಯನೊಬ್ಬನ ಹಾರ್ಡ್‌ಡಿಸ್ಕಿನಿಂದ ಅವನಿಗೆ ರಾಕ್ ಸಂಗೀತದ ಹುಚ್ಚು ಹಿಡಿದಿತ್ತು: ಅರ್ಧ ಶತಮಾನದ ಹಿಂದಿನ ವಿಲಾಯತಿ ಬ್ಯಾಂಡುಗಳು, ತಂತಿಗಳನ್ನು ಸಡಿಲಿಸಿ ಶ್ರುತಿ ಇಳಿಸಿ, ಎತ್ತಿನ ಗಾಡಿಯಷ್ಟು ನಿಧಾನವಾಗಿ ನುಡಿಸುವ ಭಾರದ ಸಂಗೀತ. ಅವನದೇ ಬ್ಯಾಂಡಿನಲ್ಲಿ ಇನ್ನಿಬ್ಬರು. ಡ್ರಮ್ಸ್‌ಗೆ ಹಿತೇಶ್, ಉಡುಪಿ ಕಡೆಯವನು, ಐರೋಲಿಯಲ್ಲಿ ಮನೆ. ಬೇಸ್ ಗಿಟಾರಿಗೆ ದಿಶಾ, ಕೋಪರಖೈರಣೆಯ ಹುಡುಗಿ. ಮೂವರೂ ಸೇರಿ ಒಂದೇ ಕಥೆಯನ್ನು ಎಂಟು ಹಾಡುಗಳಲ್ಲಿ ಹೇಳುವ ಆಲ್ಬಮ್ಮು ಮಾಡುತ್ತಿದ್ದರು. ಕಥೆ ಒಂದು ಹಗಲಿನದು, ಅಮೃತಪ್ಪನನ್ನು ಠಾಕುರ್ಲಿಯ ನಾಲ್ಕನೆಯ ಮಹಡಿಯಿಂದ ಮಣ್ಣಿಗೆ ಒಯ್ದ ಹಗಲಿನದು.

ಗೋಡೆಯಾಚೆಗೆ ಕುಳಿತು ದಾನಮ್ಮ ಆ ಹಾಡುಗಳು ಕಟ್ಟಿಕೊಳ್ಳುವುದನ್ನು ದಿನದಿನ ಕೇಳಿದಳು. ಮೊದಲನೆಯದು ಆಫೀಸಿನ ಮೇಜಿನ ಮೇಲೆ ಗುರುಗುಟ್ಟುವ ಫೋನು. ಗಿಟಾರು ಒಂದೇ ಸ್ವರದಲ್ಲಿ ನಡುಗುತ್ತದೆ, ಎತ್ತುವವರಿಲ್ಲ. ಮೂರನೆಯದು ಮೆಟ್ಟಿಲು. ಕುಳ್ಳಿರಿಸಿದ ದೇಹ ಲಿಫ್ಟಿನಲ್ಲಿ ಹಿಡಿಸದೆ, ಕುರ್ಚಿಗೆ ಕಟ್ಟಿ ಗಂಡಸರು ಹೊತ್ತು ಇಳಿಸಿದ್ದರು. ಆ ಹಾಡಿನ ತಾಳ ಸಮವಾಗಿ ನಡೆಯುತ್ತ, ಪ್ರತಿ ತಿರುವಿನಲ್ಲೂ ನಾಲ್ಕು ಪೆಟ್ಟು ಹೆಚ್ಚಾಗಿ ಎಡವುತ್ತಿತ್ತು. ತಿರುವಿನಲ್ಲಿ ಕುರ್ಚಿ ತಿರುಗಿಸಲು ಬೇಕಾದ ಹೊತ್ತು ಅದು. ಹಿತೇಶನಿಗೆ ಅದು ಒಗ್ಗದೆ ತೊಡೆಯ ಮೇಲೆ ಬಡಿದುಕೊಳ್ಳುತ್ತ ಮನೆಯ ಮೆಟ್ಟಿಲನ್ನೇ ಹತ್ತಿ ಇಳಿದು ಕಲಿತ.

“ಏನೊ ಹಿತೇಶಾ, ಲಿಫ್ಟ್ ಬಂದ್ ಅದ ಏನು?” ಎಂದು ದಾನಮ್ಮ ಕೇಳಿದ್ದಳು.

“ಇಲ್ಲ ಆಂಟಿ, ನಿಮ್ಮ ಮಗ ನನ್ನನ್ನು ಬಂದ್ ಮಾಡಿದ್ದು.”

ಐದನೆಯದಕ್ಕೆ ಅಂಬಾರಾಯನೇ ಬಂದು ಹಾರ್ಮೋನಿಯಂ ನುಡಿಸಿದ. ಅದರ ತಿದಿಯಲ್ಲಿ ಸಣ್ಣ ತೂತಿದ್ದು, ಸ್ವರದ ಜೊತೆ ಉಸಿರೂ ಕೇಳುತ್ತಿತ್ತು. ಸ್ವಪ್ನಿಲ್ ಆ ಉಸಿರನ್ನೇ ದೊಡ್ಡದು ಮಾಡಿ ಗಿಟಾರಿನ ಆಂಪ್ಲಿಫೈಯರಿನಲ್ಲಿ ಹರಿಸಿದ. ಇಡೀ ಆಲ್ಬಮ್ಮಿಗೆ ನಿಯಮ ಕೊಟ್ಟವನೂ ಅಂಬಾರಾಯನೇ, ತನಗೆ ತಿಳಿಯದೆ. ಶ್ರಾವಣದ ಭಜನೆಯಲ್ಲಿ ಪದದ ಕೊನೆಗೆ ತಾಳ ಏರಿ ದುಡುದುಡು ಓಡುತ್ತದೆ. ಸಾವಿನ ಮನೆಯಲ್ಲಿ ಅಂಬಾರಾಯ ಓಡಲು ಬಿಡುತ್ತಿರಲಿಲ್ಲ. ಯಾರಾದರೂ ಲಯ ಏರಿಸಿದರೆ, “ಎಲ್ಲಿ ಗಾಡಿ ತಪ್ಪತದೊ ನಿನಗ?” ಎಂದು ಗದರುತ್ತಿದ್ದ. ಸ್ವಪ್ನಿಲನ ಎಂಟು ಹಾಡುಗಳಲ್ಲಿ ಯಾವುದೂ ಎಲ್ಲೂ ವೇಗ ಹೆಚ್ಚಿಸಿಕೊಳ್ಳುವುದಿಲ್ಲ. ವಿಲಾಯತಿ ಬ್ಯಾಂಡುಗಳ ನಿಧಾನವೂ ಅಪ್ಪನ ಮಂಡಳಿಯ ನಿಧಾನವೂ ಒಂದರೊಳಗೊಂದು ಕೂತದ್ದು ಹಾಗೆ.

ಈ ಸಂಗೀತದ ಮೂರನೆಯ ಒರತೆ ತಾಯಿ. ಚಿಕ್ಕಂದಿನಲ್ಲಿ ಆಕೆಯ ಸೆರಗು ಹಿಡಿದು ಸಾವಿನ ಮನೆಗಳಲ್ಲಿ ಕುಳಿತವನಿಗೆ ಹಾಡ್ಯಾಡಿ ಅಳುವ ರಾಗದ ಚಲನೆ ಗೊತ್ತಿತ್ತು: ಪಂಚಮದಲ್ಲಿ ಕರೆ, ಅಲ್ಲಿಂದ ಒಂದೊಂದೇ ಮೆಟ್ಟಿಲು ಕೆಳಗೆ, ಷಡ್ಜ ಮುಟ್ಟುವ ಮೊದಲೇ ದನಿ ಉಸಿರಿನೊಳಗೆ ಮುಳುಗುವುದು. ಎಲ್ಲ ಹಾಡುಗಳ ಗಿಟಾರೂ ಇಳಿಯುವುದು ಹಾಗೆಯೇ. ಕಥೆಯ ನಡುವೆ ಇರುವವಳೂ ಆಕೆಯೇ: ಗೋಡೆಯ ಬದಿಗೆ ಕುಳಿತ, ಕಲ್ಲಾದ ಹೆಂಗಸು. ಆಲ್ಬಮ್ಮಿಗೆ ಮರಾಠಿಯಲ್ಲಿ ‘ದಗಡ’ ಎಂದು ಹೆಸರಿಟ್ಟಿದ್ದರು.

“ದಗಡ ಅಂದ್ರ ಕಲ್ಲಲ್ಲೇನೊ? ನನ್ನ ಹೆಸರs ಇಟ್ಟೀಯಲ್ಲ” ಎಂದಳು ದಾನಮ್ಮ, ರೊಟ್ಟಿ ಬಡಿಯುತ್ತ.

ಸ್ವಪ್ನಿಲನಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮರಾಠಿ, ಹಿಂದಿ. “ತಸಂ ನಾಹೀ ಅವ್ವಾ, ಹಾಗಲ್ಲ ಅದು” ಎಂದು ತಡವರಿಸಿದ.

“ಇರಲಿ ಬಿಡು. ಕಲ್ಲು ಬಿಸಲಿಗೆ ಕಾಯ್ತದ, ಮಳಿಗೆ ತಣ್ಣಗಾಗ್ತದ. ನನಗ ಅದೂ ಇಲ್ಲ.”

ಅವನು ಕೇಳಬೇಕೆಂದಿದ್ದನ್ನು ಕೇಳಿದ. ಎಂಟನೆಯ ಹಾಡಿಗೆ ಅವ್ವನ ದನಿ ಬೇಕು. ಬೇರೆಯವರಿಗೆ ಅಳುತ್ತಿದ್ದಂತೆ, ಒಮ್ಮೆ, ಪಪ್ಪನಿಗೆ.

ದಾನಮ್ಮ ಕೂಡಲೇ ಒಪ್ಪಲಿಲ್ಲ. ಎರಡು ದಿನ ರೊಟ್ಟಿಯ ಹಿಟ್ಟಿನ ಜೊತೆ ಅದನ್ನೂ ನಾದಿದಳು. ಮುಚ್ಚಿದ ಕೋಣೆ, ನೋಡುವವರಿಲ್ಲ, ಕಾಯುವವರಿಲ್ಲ. ಅಲ್ಲಿಯಾದರೂ ಬಂದೀತು. ಬಂದರೆ ಅದನ್ನು ಗಿರಿಜವ್ವನಿಗೆ ಕಳುಹಿಸಬಹುದು: ನೋಡು, ನಿಮ್ಮಣ್ಣನಿಗೆ ನಾನೂ ಅತ್ತೆ ಎಂದು. ಬರದಿದ್ದರೆ ಇನ್ನೆಂದೂ ಬರುವುದಿಲ್ಲವೆಂದು ಖಾತ್ರಿಯಾದೀತು. ಆಕೆ ಬರುತ್ತೇನೆಂದಳು.

ಸ್ಟುಡಿಯೋ ಕೋಪರಖೈರಣೆಯಲ್ಲಿ, ತರಕಾರಿ ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಭಾನುವಾರ ಬೆಳಿಗ್ಗೆ. ಗೋಡೆಗೆಲ್ಲ ಮೊಟ್ಟೆಯ ಟ್ರೇಯಂಥ ಸ್ಪಂಜು. ಗಾಜಿನಾಚೆ ಮೂವರೂ ಕುಳಿತರು. ಈಚೆ ದಾನಮ್ಮ, ಕಿವಿಯ ಮೇಲೆ ಹೆಡ್‌ಫೋನು, ಅದರೊಳಗೆ ಟಿಕ್ ಟಿಕ್ ಎಂಬ ಲಯ. ಆಕೆ ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು.

“ಗಡಿಯಾರದ ಮುಂದ ಯಾರರ ಅಳ್ತಾರೇನೊ?” ಎಂದಳು.

ಟಿಕ್ ಟಿಕ್ ನಿಲ್ಲಿಸಿದರು. ದಿಶಾ ತನ್ನ ಬೇಸ್ ಗಿಟಾರಿನಲ್ಲಿ ಒಂದೇ ಸ್ವರವನ್ನು ಕೆಳಗೆ ಹಿಡಿದಳು. ಅದು ಕಿವಿಗಿಂತ ಹೆಚ್ಚಾಗಿ ಹೊಟ್ಟೆಗೆ ಕೇಳಿಸುವಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ದಾನಮ್ಮನ ದನಿ ಹೊರಟಿತು, ಪಂಚಮಕ್ಕೆ ಏರಿ, ತುಂಬಿ, ಒಂದು ಕಡೆಯೂ ತೊದಲದೆ.

“ಅಣ್ಣಾ... ಹೆಗಲ ಮ್ಯಾಲ ಕೂಡ್ರಿಸಿಕೊಂಡು ಹಳ್ಳ ದಾಟಿಸಿದ್ಯೋ... ಅಣ್ಣಾ... ನಿನ್ನ ಪಾಲಿನ ಉಂಡಿ ನನ್ನ ಉಡಿಯಾಗ ಹಾಕಿದ್ಯೋ... ಅಣ್ಣಾ... ಕಲ್ಯಾಣದಾಗ ಮನಿ ಹುಡುಕಿ ಕೊಟ್ಟು, ತಂಗೀ, ನೀ ಒಬ್ಬಾಕಿ ಅಲ್ಲ ಅಂದಿದ್ಯೋ...”

ಮುಗಿದಾಗ ಗಾಜಿನಾಚೆ ದಿಶಾ ಕಣ್ಣೊರೆಸಿಕೊಂಡಳು. ಸ್ವಪ್ನಿಲ್ ಒಳಗೆ ಬಂದು ತಾಯಿಯ ಕೈ ಹಿಡಿದು ನಿಂತ. ನಂತರ ಎಲ್ಲರನ್ನೂ ಕೂರಿಸಿ ಅದನ್ನು ಮತ್ತೆ ಕೇಳಿಸಿದರು. ದೊಡ್ಡ ಸ್ಪೀಕರಿನಿಂದ ತನ್ನದೇ ದನಿ ಬಂದಾಗ ದಾನಮ್ಮ ತಲೆ ಎತ್ತಿದಳು. ತಾನು ಹೇಳಿದ್ದೇನೆಂದು ಆಕೆಗೆ ತಿಳಿದದ್ದು ಆಗ.

ಹಿತೇಶ್ ಸಂಕೋಚದಿಂದ ಕೇಳಿದ: “ಆಂಟಿ, ನಿಮ್ಮ ಕಡೆ ಗಂಡನಿಗೂ ಅಣ್ಣ ಅಂತ ಹೇಳ್ಲಿಕ್ಕುಂಟಾ?”

“ಇಲ್ಲಪಾ. ಯಾವ ಕಡೇನೂ ಇಲ್ಲ.”

ಅದು ಗಿರಿಜವ್ವನ ಅಳು. ಆ ದಿನ ಅಣ್ಣನ ಕಾಲ ಬಳಿ ಕುಳಿತು ಗಿರಿಜವ್ವ ಹಾಡಿದ್ದು, ನುಡಿಗೆ ನುಡಿ. ಹಳ್ಳ ದಾಟಿಸಿಕೊಂಡವಳು, ಉಂಡಿ ತಿಂದವಳು, ಕಲ್ಯಾಣದಲ್ಲಿ ಮನೆ ಪಡೆದವಳು ಗಿರಿಜವ್ವ. ಫ್ಯಾನು ನೋಡುತ್ತ ಕುಳಿತವಳ ಕಿವಿ ಮಾತ್ರ ಕೆಲಸ ಮಾಡುತ್ತಿತ್ತು. ಒಂದು ಜನ್ಮದ ಅಭ್ಯಾಸ ಅದು. ಎದೆಗೆ ಇಳಿಯದ್ದು ನಾಲಿಗೆಯಲ್ಲಿ ಉಳಿದುಕೊಂಡಿತ್ತು.

“ಅಳಿಸಿಬಿಡು ತಮ್ಮಾ. ಇದು ನಂದಲ್ಲ” ಎಂದಳು ಮಗನಿಗೆ.

ಸ್ವಪ್ನಿಲ್ ಹೌಹಾರಿದ. ಮರಾಠಿ, ಹಿಂದಿ, ಅರೆಬರೆ ಕನ್ನಡ ಎಲ್ಲ ಬೆರೆಸಿ ವಾದಿಸಿದ. ಇದನ್ನು ಕೇಳುವವರು ಪುಣೆಯವರು, ಗುವಾಹಾಟಿಯವರು. ಅಣ್ಣ ಯಾರು ಗಂಡ ಯಾರು ಎಂದು ಅವರಿಗೆ ಹೇಗೆ ತಿಳಿದೀತು? ಅಲ್ಲದೆ ಈ ಆಲ್ಬಮ್ಮಿನಲ್ಲಿ ಸ್ವಂತದ್ದು ಯಾವುದಿದೆ? ನಿಧಾನ ಅಂಬಾರಾಯ ಮಾಮಾನದು, ಗಿಟಾರಿನ ಗೊಗ್ಗರು ವಿಲಾಯತಿಯವರದು, ಇಳಿಯುವ ರಾಗ ಅವ್ವನದು. ಎಲ್ಲರೂ ಯಾರಿಂದಲೋ ತೆಗೆದುಕೊಂಡೇ ಹಾಡುವುದು.

“ಅಂಬಾರಾಯಗ ನೀ ಹೇಳೀಯಲ್ಲ?”

“ಹೋ, ಹೇಳಿದೆ. ಅವರೇ ಬಂದು ಬಜಾಯಿಸಿದರು.”

“ಹಂಗಾದ್ರ ಅಕಿಗೂ ಹೇಳಬೇಕಲ್ಲ.”

ಹಾಡಿನಲ್ಲಿ ಗಂಡನನ್ನು ಅಣ್ಣ ಎಂದವಳೆಂದು ನಾಳೆ ಡೊಂಬಿವಲಿಯಿಂದ ಕಲ್ಯಾಣದವರೆಗೆ ಹೆಂಗಸರು ನಗಬಹುದೆಂಬುದು ದಾನಮ್ಮನಿಗೆ ದೊಡ್ಡದಾಗಿ ಕಾಣಲಿಲ್ಲ. ಗಿರಿಜವ್ವ ಕೇಳಿ, ಅಳುವನ್ನೂ ಕದ್ದಳು ಎಂದುಕೊಂಡರೆ ಮಾತ್ರ ಆ ಬಾಗಿಲು ಇನ್ನು ತೆರೆಯುವುದಿಲ್ಲ. ಇಷ್ಟನ್ನು ಆಕೆ ಭಯದಿಂದಲ್ಲ, ಅಂಗಡಿಗೆ ಹೋಗುವ ಮೊದಲು ಸಾಮಾನು ಲೆಕ್ಕ ಹಾಕುವಂತೆ ಯೋಚಿಸಿದಳು. ಮರುದಿನ ಮಗನಿಂದ ರಜೆ ಹಾಕಿಸಿ, ಗಿರಿಜವ್ವ ಒಪ್ಪಿದರೆ ಬೇಕಾದೀತೆಂದು ಅವನ ಸಣ್ಣ ರೆಕಾರ್ಡರನ್ನು ಬ್ಯಾಗಿನಲ್ಲಿ ಇಡಿಸಿಕೊಂಡು ಕಲ್ಯಾಣಕ್ಕೆ ಹೊರಟಳು.

ಗಿರಿಜವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡುತ್ತಿದ್ದಳು. ಬಾಗಿಲು ತೆರೆದಾಗ ಮೊಣಕೈವರೆಗೂ ಹಿಟ್ಟು. ಅತ್ತಿಗೆಯನ್ನು ನೋಡಿ ಮುಖ ಗಂಟಿಕ್ಕಿದಳು. ಹಿಂದೆ ನಿಂತ ಸ್ವಪ್ನಿಲನನ್ನು ನೋಡಿ ಸಡಿಲಿಸಿದಳು. “ಬಾರೊ ಯಪ್ಪಾ” ಎಂದಳು ಅವನೊಬ್ಬನಿಗೆ. ದಾನಮ್ಮ ಅವನ ಹಿಂದೆಯೇ ಒಳಗೆ ಹೋಗಿ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ ಕುಳಿತಳು.

“ಏನ್ ಕೆಲಸ ತಗದಿ ವೈನಿ? ಯಾರರ ಸತ್ತಾರೇನು?”

“ನಿಂದೊಂದು ಒಡವಿ ನನ್ನ ಕಡೆ ಉಳದಿತ್ತು. ಕೊಟ್ಟು ಹೋಗೂಣಂತ ಬಂದೆ.”

ಸ್ವಪ್ನಿಲ್ ಆಲ್ಬಮ್ಮಿನ ವಿಷಯ ಹೇಳಿ, ಸ್ಟುಡಿಯೋದಲ್ಲಿ ಅವ್ವ ಹಾಡಿದ್ದನ್ನು ಫೋನಿನಲ್ಲಿ ಹಚ್ಚಿದ. ಗಿರಿಜವ್ವ ಮೊದಲ “ಅಣ್ಣಾ” ಕೇಳಿದ ಕೂಡಲೇ ಕೈಯಲ್ಲಿದ್ದ ಹಿಟ್ಟಿನ ಉಂಡೆಯನ್ನು ಪರಾತದಲ್ಲಿಟ್ಟಳು. ಪೂರ್ತಿ ಕೇಳಿದಳು. ಮುಗಿದ ಮೇಲೆ, “ಕಡೀ ನುಡಿ ಬಿಟ್ಟೀಯಲ್ಲ” ಎಂದಳು.

“ಕಡೀ ನುಡಿಗೆ ನನ್ನ ಒಳಗ ಕರದ್ರು. ಬಳಿ ತಗೀಲಿಕ್ಕೆ. ಅದು ನಾ ಕೇಳಿಲ್ಲ.”

“ಗಂಡಗ ಅಣ್ಣಾ ಅಂದಿ. ನಾಚಿಕಿ ಅನ್ನೂದು ಎಲ್ಲಿಟ್ಟೀ?”

“ಅಕಸ್ಮಾತ್ ಬಂತು.”

“ಏನ್ ಬಂತು? ಅಳು ಬಂತೇನು?”

“ಇಲ್ಲ. ನಿಂದಷ್ಟೇ ಬಂತು.”

ಗಿರಿಜವ್ವ ಆಕೆಯ ಮುಖವನ್ನು ದಿಟ್ಟಿಸಿದಳು. ಎರಡು ವರ್ಷ ತಾನು ಎಲ್ಲರ ಮುಂದೆ ಸೊಕ್ಕು, ಕಲ್ಲೆದೆ ಎಂದು ಹೇಳಿಕೊಂಡು ಬಂದದ್ದನ್ನು ಆ ಮುಖದಲ್ಲಿ ಹುಡುಕಿದಂತಿತ್ತು. “ಅವತ್ತು ನಿನ್ನ ಕೊರಳಿಗೆ ಬಿದ್ದಾಗ ಏನ್ ಮಾಡ್ಲಿಕ್ಕತ್ತಿದ್ದಿ, ಖರೆ ಹೇಳು.”

“ಫ್ಯಾನ್ ನೋಡ್ತಿದ್ದೆ. ಬೂದಿ ಬೀಳ್ತಿತ್ತು ಅವರ ಮ್ಯಾಲ.”

“ಈಗ?”

“ಈಗೂ ಹಂಗs ಅದ, ಗಿರಿಜವ್ವಾ. ಏನೂ ಇಲ್ಲ. ಇದ್ರ ಕೊಡ್ತಿದ್ದೆ.”

ಒಲೆಯ ಮೇಲೆ ಹೆಂಚು ಕಾದು ಹೊಗೆಯಾಡುತ್ತಿತ್ತು. ಗಿರಿಜವ್ವ ಎದ್ದು ಅದನ್ನು ಆರಿಸಿ, ಕೈತೊಳೆದುಕೊಂಡು ಬಂದು ಸೆರಗಿನಲ್ಲಿ ಒರೆಸಿಕೊಂಡಳು. “ಏನ್ ಯಂತ್ರ ತಂದೀ ಅದನ್ನ ಹಚ್ಚೊ” ಎಂದಳು ಸ್ವಪ್ನಿಲನಿಗೆ. “ನನ್ನ ಅಳು ನಾನs ಅಳಬೇಕು. ಎರವಿನ ಬಾಯಿಲೆ ಯಾಕ?”

ದಾನಮ್ಮನ ಎದುರಿಗೆ ಮೊಣಕಾಲೂರಿ ಕುಳಿತು ಆಕೆಯ ಕೊರಳಿಗೆ ಎರಡೂ ಕೈ ಹಾಕಿದಳು. ಹಣೆಯನ್ನು ಹೆಗಲಿಗೆ ಒತ್ತಿದಳು. ದಾನಮ್ಮನಿಗೆ ಗೊತ್ತಾದದ್ದು ಜೋಳದ ಹಿಟ್ಟಿನ ವಾಸನೆ, ಹಸಿ ಕೈಗಳ ತಂಪು, ಆ ಭಾರ. ಭಾರ ತಡೆಯಲು ಆಕೆ ಒಂದು ಕೈಯನ್ನು ಹಿಂದೆ ನೆಲಕ್ಕೆ ಊರಿದಳು. ಕಿವಿಯ ಬುಡದಲ್ಲೇ ದನಿ ಎದ್ದಿತು.

“ಅಣ್ಣಾ...”

ಗಿರಿಜವ್ವ ಹಳ್ಳ ದಾಟಿದಳು. ನುಡಿ ಮುಗಿಸಿ ಉಸಿರಿಗೆ ನಿಂತಳು. ಆ ಬಿಡುವು ದಾನಮ್ಮನದು. ದಾನಮ್ಮ ಒಳಗೆ ಹುಡುಕಿದಳು. ಅಲ್ಲಿ ಏನೂ ಇರಲಿಲ್ಲ. ಗಿರಿಜವ್ವ ಕಾದು, ಎರಡನೆಯ ನುಡಿ ಎತ್ತಿಕೊಂಡಳು. ಮತ್ತೆ ಬಿಡುವು. ಸ್ವಪ್ನಿಲ್ ರೆಕಾರ್ಡರನ್ನು ಇಬ್ಬರ ಹತ್ತಿರ ಹಿಡಿದಿದ್ದ. ಕೊರಳ ಮೇಲಿನ ಕೈಗಳ ಹಿಡಿತ ತುಸು ಸಡಿಲಾದದ್ದು ದಾನಮ್ಮನ ಅರಿವಿಗೆ ಬಂತು. ಇನ್ನೊಮ್ಮೆ ಖಾಲಿ ಹೋದರೆ ಆ ಕೈಗಳು ಬಿಟ್ಟುಬಿಡುತ್ತವೆ ಎಂಬುದೂ ಗೊತ್ತಾಯಿತು.

ಮೂರನೆಯ ನುಡಿಯ ಕೊನೆಗೆ ದಾನಮ್ಮ, “ಹೂಂ” ಎಂದಳು.

ಹಾಡಲಿಲ್ಲ. ಕಥೆ ಕೇಳುವವರು ಅನ್ನುವಂತೆ, ಫೋನಿನ ಆಚೆಯವರು ಲೈನಿನಲ್ಲಿ ಇದ್ದಾರೆಂದು ತೋರಿಸಲು ಅನ್ನುವಂತೆ, ಬರೀ “ಹೂಂ”. ಗಿರಿಜವ್ವ ಹಿಡಿತ ಬಿಗಿ ಮಾಡಿ ಮುಂದಿನ ನುಡಿಗೆ ಹೋದಳು. ಅದರ ಕೊನೆಗೂ “ಹೂಂ” ಬಂತು. ಹೀಗೆ ನುಡಿಯಿಂದ ನುಡಿಗೆ, ದಾನಮ್ಮ ಕೇಳದೆ ಉಳಿದಿದ್ದ ಕೊನೆಯ ನುಡಿಯೂ ಬಂತು. ಅಣ್ಣಾ, ನಿನ್ನ ಮನಿಯಾಕಿ ಕೈಯಾಗಿನ ಅನ್ನ ತಣ್ಣಗಾತೋ, ಅಕಿನ್ನ ಯಾರ ಕೈಗೆ ಕೊಟ್ಟು ಹೋದ್ಯೋ ಎಂದಿತ್ತು ಅದರಲ್ಲಿ. ಮೆಟ್ಟಿಲ ಮೇಲೆ ನಿಂತು ಬೈಯುವ ಕೆಲವು ತಾಸು ಮೊದಲು ಗಿರಿಜವ್ವ ಅದನ್ನು ಹಾಡಿದ್ದಳು.

“ಹೂಂ” ಎಂದಳು ದಾನಮ್ಮ.

ಗಿರಿಜವ್ವ ಕೈ ತೆಗೆದು, ಸೆರಗಿನಿಂದ ಮೂಗು ಒರೆಸಿಕೊಂಡಳು. “ಅಷ್ಟs ಏನು ನಿನ್ನ ಕಡೆ?”

“ಅಷ್ಟs.”

“ಆತು ಬಿಡು.”

ಆಲ್ಬಮ್ಮು ದೀಪಾವಳಿಯ ಹೊತ್ತಿಗೆ ಇಂಟರ್ನೆಟ್ಟಿನಲ್ಲಿ ಬಂತು. ಕೇಳಿದವರು ಬಹಳವಿಲ್ಲ. ಎಂಟನೆಯ ಹಾಡಿನಲ್ಲಿ ಗಿಟಾರಿಲ್ಲ, ಡ್ರಮ್ಸ್ ಇಲ್ಲ. ದಿಶಾಳ ಒಂದೇ ಸ್ವರ, ಅದರ ಮೇಲೆ ಕಲ್ಯಾಣದ ಅಡುಗೆಮನೆ, ಗಿರಿಜವ್ವನ ದನಿ, ನಡುನಡುವೆ ಒಂದು “ಹೂಂ”. ಸ್ಟುಡಿಯೋದಲ್ಲಿ ಮಾಡಿದ್ದನ್ನು ತಾಯಿಯ ಕಣ್ಣೆದುರಿಗೇ ಸ್ವಪ್ನಿಲ್ ಅಳಿಸಿದ. ಆಲ್ಬಮ್ಮಿನ ಹೆಸರನ್ನು ಬದಲಿಸಲೇ ಎಂದೂ ಕೇಳಿದ, ದಾನಮ್ಮ ಬೇಡವೆಂದಳು. ಆಕೆ ಅದನ್ನು ಒಂದೇ ಸಲ ಕೇಳಿದ್ದಾಳೆ. ಹೇಗಿತ್ತು ಎಂದರೆ, ಆ ದಿನ ಗಿರಿಜವ್ವನ ಗಂಟಲು ಕಟ್ಟಿತ್ತು ಎನ್ನುತ್ತಾಳೆ.

ಕಲ್ಯಾಣದಲ್ಲಿ ರೊಟ್ಟಿ ಒಯ್ಯಲು ಬರುವ ಹೆಂಗಸರಿಗೆ ಗಿರಿಜವ್ವ ಫೋನಿನಲ್ಲಿ ಅದನ್ನು ಹಚ್ಚಿ ಕೇಳಿಸುತ್ತಾಳೆ. ಅಳುತ್ತಿರುವವಳು ಯಾರೆಂದು ಅವರಿಗೆ ಕೂಡಲೇ ತಿಳಿಯುತ್ತದೆ. “ಅದಲ್ಲಬೇ, ಅದು ನಾನು, ಬಿಡ್ರಿ” ಎಂದು ಆಕೆ ಕೈಬೀಸಿ ಸುಮ್ಮನಾಗಿಸುತ್ತಾಳೆ. “ನಡುವ ಹೂಂ ಅನ್ಲಿಕ್ಕತ್ತಾಳಲ್ಲ, ಅಕಿನ್ನ ಕೇಳ್ರಿ. ನಮ್ಮ ವೈನಿ ಅಕಿ.”